ಕತ್ತರಿಸಿದ ಸಾಲು

ಶಿಲ್ಪಶ್ರೀ ಬೆಳಗಿನಿಂದ ಮೂರು ಸಲ ಕುರ್ಚಿಯಲ್ಲಿ ಕೂತು, ಮೂರು ಸಲವೂ ಎದ್ದಿದ್ದಳು. ಹೊಸಪೇಟೆಯ ಹೊರಗಿನ ಆ ಬಾಳೆರೋಗದ ಪ್ರಯೋಗಾಲಯದಲ್ಲಿ ಅವಳಿಗೆ ಹೆಸರು ಬರುವ ದಿನ ಅದು. ಕಂಪ್ಲಿ ಸೀಮೆಯ ಬಾಳೆಯ ಜೀವಕೋಶಗಳಲ್ಲಿ ಹೊಸ ವೈರಸ್ ಇದೆ, ಅದರ ಆರ್‌ಎನ್‌ಎ ಎಳೆಯ ಉದ್ದ ಬರೀ ಸಾವಿರದ ಇನ್ನೂರು ಅಕ್ಷರ ಎಂಬ ಅವಳ ವರದಿಯನ್ನು ಮುಖ್ಯಸ್ಥ ಲಿಂಗರಾಜ್ ನಾಲ್ಕು ಗಂಟೆಗೆ ಸಮ್ಮೇಳನಕ್ಕೆ ಕಳಿಸುವವರಿದ್ದರು. ಇಂಥ ದಿನ ಕೂತಲ್ಲಿ ಕೂರಲು ಯಾಕಾಗುತ್ತಿಲ್ಲ?

ಕಾರಣ ಅವಳಿಗೇ ಗೊತ್ತಿತ್ತು. ಆ ಕಾರಣದ ಹೆಸರು ಸುಮಲತಾ.

ಅವಳಿಗಿಂತ ಮೊದಲು ಸುಮಲತಾ ಇದೇ ಮೇಜಿನ ಮೇಲೆ ಇದೇ ಆರ್‌ಎನ್‌ಎ ಅಳೆದು ಸಾವಿರದ ಏಳುನೂರು, ಎಲ್ಲರಿಗೂ ಗೊತ್ತಿರುವ ಹಳೆಯ ವೈರಸ್ಸಿನಷ್ಟೇ, ಎಂದಿದ್ದಳು. ಆಕೆ ಅಳತೆಗೆ ಬಳಸುವ ಜೆಲ್ ಎಂಬ ಲೋಳೆಪದರಕ್ಕೆ ಕಣ್ಣುರಿಸುವ ಫಾರ್ಮಾಲಿನ್ ಬೆರೆಸುತ್ತಿದ್ದಳು. ಹೊಗೆ ಎಳೆಯುವ ಫ್ಯಾನು ಕೆಟ್ಟು ವರ್ಷವಾಗಿತ್ತು. ರಿಪೇರಿಯ ಅರ್ಜಿ ಫೈಲಿನೊಳಗೆ ಗೊರಕೆ ಹೊಡೆಯುತ್ತಿತ್ತು. ಆಫೀಸಿನ ಪಾಲಪ್ಪ ದಿನಾ ಕಣ್ಣೊರೆಸಿಕೊಳ್ಳುತ್ತ ಬಂದು ಜಗಳ ತೆಗೆಯುತ್ತಿದ್ದ. ಶಿಲ್ಪಶ್ರೀ ಬಂದವಳೇ ಫಾರ್ಮಾಲಿನ್ ಬಿಟ್ಟಳು. ಕಣ್ಣುರಿಯಿಲ್ಲ, ಜಗಳವಿಲ್ಲ, ಮೇಲೆ ಹೊಸ ಅಳತೆ ಬೇರೆ. ಎಲ್ಲರಿಗೂ ಬೇಕಾದ ಹುಡುಗಿ! ಆ ಹುರುಪಿನಲ್ಲೇ, ಎಂಟು ತಿಂಗಳ ಹಿಂದಿನ ಮೀಟಿಂಗಿನಲ್ಲಿ ಹನ್ನೆರಡು ಜನರೆದುರು, ಸುಮಲತಾಳ ಅಳತೆ ಅಜಾಗರೂಕತೆಯಿಂದ ಬಂದದ್ದು ಎಂದುಬಿಟ್ಟಳು. ಆಕೆಯ ಕೆಲಸ ಹೋಯಿತು. ಈಗ ಸಂಡೂರಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಾಳೆ.

ಜೆಲ್ಲಿಗೆ ಕರೆಂಟು ಕೊಟ್ಟರೆ ಅದರೊಳಗೆ ಆರ್‌ಎನ್‌ಎ ಓಡುತ್ತದೆ; ಚಿಕ್ಕದು ಮುಂದೆ, ಉದ್ದದ್ದು ಹಿಂದೆ. ಆದರೆ ತನ್ನಷ್ಟಕ್ಕೆ ಬಿಟ್ಟರೆ ಅದು ದಾರದ ಹಾಗೆ ಮುದುಡಿಕೊಂಡು, ಸಲೀಸಾಗಿ ನುಸುಳಿ, ಚಿಕ್ಕದರ ಸೋಗು ಹಾಕುತ್ತದೆ. ಫಾರ್ಮಾಲಿನ್ ಅದನ್ನು ಬಿಚ್ಚಿ ನೆಟ್ಟಗಿಡುತ್ತದೆ. ಶಿಲ್ಪಶ್ರೀಗೆ ಇದು ಹೊಳೆಯಲೇ ಇಲ್ಲ ಎನ್ನುವ ಹಾಗೂ ಇಲ್ಲ. ಅವಳ ಜೆಲ್ಲಿನ ಕೊನೆಯ ಸಾಲಿನಲ್ಲಿ ಉದ್ದ ಮೊದಲೇ ಗೊತ್ತಿದ್ದ ಆರ್‌ಎನ್‌ಎ ಒಂದಿತ್ತು. ಅದರ ಬಾಟಲಿಯ ಮೇಲೆ ಸಾವಿರದ ಐನೂರು ಎಂದು ಅಚ್ಚಾಗಿದ್ದರೂ ಅದು ಸಾವಿರದ ಜಾಗಕ್ಕೆ ಓಡಿಹೋಗಿತ್ತು. ಬಾಟಲಿ ಹಳೆಯದು ಎಂದು ತನಗೆ ತಾನೇ ಹೇಳಿಕೊಂಡು, ಅವಳು ಮೀಟಿಂಗಿಗೆ ತಂದ ಫೋಟೋದಿಂದ ಆ ಸಾಲನ್ನೇ ಕತ್ತರಿಸಿದ್ದಳು.

ಹನ್ನೊಂದಕ್ಕೆ ತಡೆಯಲಾಗಲಿಲ್ಲ. ಕಪಾಟಿನ ಮೂಲೆಯಿಂದ ಸುಮಲತಾಳ ಕೈಬರಹವಿದ್ದ ಫಾರ್ಮಾಲಿನ್ ಬಾಟಲಿ ತೆಗೆದು, ಕಿಟಕಿಗಳನ್ನೆಲ್ಲ ತೆರೆದು, ಹೊಸ ಜೆಲ್ಲಿಗೆ ಬೆರೆಸತೊಡಗಿದಳು.

"ಮತ್ತ ಶುರು ಹಚ್ಚಿಕೊಂಡ್ರೇನ್ರಿ ಮೇಡಂ?" ಪಾಲಪ್ಪ ಬಾಗಿಲಿಗೆ ಬಂದ. "ಆಕಿ ಹೋದಮ್ಯಾಲ ಭಾಳ ಆರಾಮಿದ್ವಿ!"

"ಇವತ್ತೊಂದಿನ ತಡಕೊಳ್ರಿ, ಪಾಲಪ್ಪ."

ಮೂರೂಕಾಲಿಗೆ ಜೆಲ್ಲನ್ನು ಬೆಳಕಿಗಿಟ್ಟು ನೋಡಿದಳು. ಉದ್ದ ಗೊತ್ತಿದ್ದ ಆರ್‌ಎನ್‌ಎ ಸಾವಿರದ ಐನೂರಕ್ಕೇ ನಿಂತಿತ್ತು. ಬಾಳೆಯದು ಸಾವಿರದ ಏಳುನೂರಕ್ಕೆ. ಹೊಸ ವೈರಸ್ಸೂ ಇಲ್ಲ, ಮಣ್ಣೂ ಇಲ್ಲ. ಫೋಟೋ ತೆಗೆದು ಅಚ್ಚು ಹಾಕಿಕೊಂಡಳು. ಎಂಟು ತಿಂಗಳ ಹಿಂದಿನ ಫೋಟೋವನ್ನೂ ಕತ್ತರಿಸದೆ ಅಚ್ಚು ಹಾಕಿದಳು. ಆಮೇಲೆ ಸಂಡೂರಿಗೆ ಫೋನ್ ಮಾಡಿದಳು.

"ಅಕ್ಕ, ನಾನು ಶಿಲ್ಪಶ್ರೀ." ಮೂಗೆಳೆದುಕೊಂಡಳು. "ಬಾಳೀದು ಇವತ್ತ ಮತ್ತ ಅಳದೆ."

ಆ ಕಡೆಯಿಂದ ಸುಮಲತಾ ಕೇಳಿದಳು, "ಫಾರ್ಮಾಲಿನ್ ಹಾಕೀಯೇನ?"

"ಹ್ಞೂಂ."

"ಎಷ್ಟು ಬಂತು?"

"ಸಾವಿರದ ಏಳುನೂರು. ಅಕ್ಕ, ಅವತ್ತು ಕೊನೀ ಸಾಲು ನಾನ ಕತ್ತರಿಸಿದ್ದೆ. ಕಣ್ಣಾರೆ ನೋಡೇ ಕತ್ತರಿಸಿದ್ದೆ. ನಂದು ತಪ್ಪಾತು."

ಶಾಲೆಯ ಗಂಟೆ ಬಾರಿಸಿದ್ದು ಫೋನಿನಲ್ಲಿ ಕೇಳಿಸಿತು.

"ಇದನ್ನ ನನಗ್ಯಾಕ ಹೇಳ್ತೀ?" ಸುಮಲತಾಳ ದನಿ ಒರಟಾಯಿತು. "ನನ್ನ ಅಳತಿ ಸರಿ ಅಂತ ನನಗ ಅವತ್ತೇ ಗೊತ್ತಿತ್ತು. ಗೊತ್ತಿಲ್ಲದವರು ಆ ಹನ್ನೆರಡು ಮಂದಿ."

ಬೈದಿದ್ದರೆ ವಾಸಿಯಿತ್ತು ಎನಿಸಿತು ಶಿಲ್ಪಶ್ರೀಗೆ. ಗಡಿಯಾರ ನೋಡಿದಳು. ನಾಲ್ಕಕ್ಕೆ ಐದು ನಿಮಿಷ.

"ಫೋನ್ ಇಡಬ್ಯಾಡ ಅಕ್ಕ," ಎಂದು ಎದ್ದಳು.

ಲಿಂಗರಾಜ್ ಕಂಪ್ಯೂಟರಿನ ಮುಂದೆ ಬೆರಳು ಎತ್ತಿಕೊಂಡೇ ಕೂತಿದ್ದರು. "ಬಾರವ್ವ, ಕಳಿಸ್ಲೇನು?"

ಶಿಲ್ಪಶ್ರೀ ಎರಡೂ ಫೋಟೋಗಳನ್ನು ಅವರ ಮುಂದಿಟ್ಟಳು. ಪಕ್ಕದಲ್ಲಿ ಫೋನಿಟ್ಟು ಸ್ಪೀಕರ್ ಹಾಕಿದಳು.

"ಬ್ಯಾಡ್ರಿ ಸರ್. ಅವತ್ತು ಮೀಟಿಂಗಿನ್ಯಾಗ ಇದ್ದ ಎಲ್ಲಾರ್ನೂ ಜಲ್ದಿ ಕರೀರಿ. ಹನ್ನೆರಡೂ ಮಂದಿ ಬೇಕು."

"ಏನಾತು? ಫೋನಿನ್ಯಾಗ ಯಾರದಾರ?"

"ಸುಮಲತಾ ಅಕ್ಕ," ಎಂದಳು ಶಿಲ್ಪಶ್ರೀ. "ನಾನು ಹೇಳೋದನ್ನ ಆಕಿನೂ ಕೇಳಬೇಕ್ರಿ."