ಅಲುಗಬೇಡಿ

ಚೀಲದೊಳಗೆ ಕಾಳು ಸರಿದ ಸದ್ದು, ಸರ್ ಅಂತ, ಪಕ್ಕದಲ್ಲಿ ಯಾರೋ ಮಗ್ಗುಲು ಬದಲಿಸಿದ ಹಾಗೆ — ಯಾರೂ ಅಲ್ಲ, ನಾನೇ ಲೆನ್ಸನ್ನು ಅದರ ಮೇಲೆ ಒತ್ತಿದ್ದು, ಕಾರಿನ ಗಾಜು ಪೂರ್ತಿ ಇಳಿಸಿ, ಕಿಟಕಿಯ ಅಂಚಿನ ಮೇಲೆ ಚೀಲ ಹೇರಿ, ನಡುವೆ ಮುಷ್ಟಿಯಿಂದ ಗುದ್ದಿ ಹಳ್ಳ ಮಾಡಿ, ಆ ಹಳ್ಳದಲ್ಲಿ ನಾಲ್ಕು ಕೆಜಿಯ ಲೆನ್ಸು ಇಟ್ಟರೆ ಕೂಸಿನ ಹಾಗೆ ಕೂರುತ್ತದೆ, ಎಂಟು ತಿಂಗಳಾದರೂ ಕೈ ಮರೆತಿಲ್ಲ, ಕೈಗೆ ನಾಚಿಕೆಯಿಲ್ಲ. ನನ್ನವರ ಹಳೇ ಪ್ಯಾಂಟಿನ ಕಾಲು ಕತ್ತರಿಸಿ ಹೊಲಿದ ಚೀಲ, ಒಳಗೆ ಎರಡೂವರೆ ಕೆಜಿ ಹೆಸರುಕಾಳು, ಬದುಕಿರೋವಾಗ್ಲೇ ನನ್ನ ಕಾಲು ಕತ್ತರಿಸಿದಾಳೆ ನೋಡಿ ಅಂತ ಎಲ್ಲರೆದುರೂ ನಗುತ್ತಿದ್ದರು, ಹಸಿವಾದ್ರೆ ಬೇಯಿಸ್ಕೊಂಡು ತಿನ್ನೋಣ ಕಣೇ, ನಾನೇನು, ಬರೀ ಡ್ರೈವರ್ರು ಅನ್ನುತ್ತಿದ್ದರು, ಆ ಅಂಗೈ — ಬೇಡ, ಅದು ಬೇಡ, ಬಕ ನೋಡು, ಕೆರೆಯಂಚಿನ ಕಲ್ಲಿನ ಮೇಲೆ ಬಕ ನಿಂತಿದೆ, ಅದೇ ಹಕ್ಕಿಯೋ ಏನೋ, ಕಲ್ಲಂತೂ ಅದೇ.

ಅತ್ತಿಗೆ, ಇಲ್ಲೇನಾ? ನಾದಿನಿ ಅವರ ಸೀಟಿನಲ್ಲಿ ಕೂತಿದ್ದಾಳೆ, ಅಣ್ಣ ಕೊನೇ ಸಲ ಕೂತಿದ್ದ ಜಾಗ ನೋಡಬೇಕು ಅಂತ ಹಟ ಹಿಡಿದು, ಕ್ಯಾಮೆರಾನೂ ತನ್ನಿ ಅಂತ ನನ್ನನ್ನೂ ಹೊರಡಿಸಿದವಳು, ಇಲ್ಲೇ ಅಂದೆ, ಎಂಜಿನ್ ಆರಿಸು ಅಂದೆ — ಎಂಜಿನ್ನಿನ ನಡುಕ ಬಾಗಿಲಿಗೆ, ಬಾಗಿಲಿಂದ ಚೀಲಕ್ಕೆ, ಚೀಲದಿಂದ ಚಿತ್ರಕ್ಕೆ, ಒಳಗೆ ಕೂತವರು ಸೀಟಿನಲ್ಲಿ ಮಿಸುಕಿದರೂ ಅಷ್ಟು ದೂರದ ಹಕ್ಕಿಯ ಕಣ್ಣು ಕದಡುತ್ತದೆ, ಇಪ್ಪತ್ತು ವರ್ಷ ಇದನ್ನೇ ಅವರಿಗೆ ಪಾಠ ಹೇಳಿದೆ, ಅವರು ಕಲಿತರು, ತುಂಬಾ ಚೆನ್ನಾಗಿ ಕಲಿತರು. ಅವತ್ತು ಬಕದ ಕೊಕ್ಕಿಗೆ ಮೀನು ಬರಲಿ ಅಂತ ಕಾಯುತ್ತಾ ಅವರಿಗೆ ಬೆನ್ನು ಹಾಕಿ ಕಿಟಕಿಗೆ ಅಂಟಿಕೊಂಡಿದ್ದೆ, ಹಿಂದೆ ಸೀಟು ಕಿರ್ ಅಂತು, ರೀ ಅಲುಗಬೇಡಿ, ಒಂದ್ನಿಮಿಷ ಕಣೇ, ಶ್ಶ್, ಎದೆ ಯಾಕೋ ಅಂದರು, ಬೆಳಿಗ್ಗೆ ತಿಂದಿದ್ದು ಜಾಸ್ತಿ ಆಯ್ತು ನಿಮಗೆ, ಸುಮ್ನೆ ಕೂತ್ಕೊಳ್ಳಿ, ನಿಮ್ಮ ಬಕಧ್ಯಾನ ಎಲ್ಲಿ ಹೋಯ್ತು ಇವತ್ತು — ಅಂದೆನಲ್ಲ, ತಮಾಷೆ ಮಾಡಿದೆನಲ್ಲ, ಅವರ ಗಂಟಲಿನಿಂದ ಏನೋ ಸದ್ದು ಬಂತು, ನಗು ಅಂದುಕೊಂಡೆ. ಆಮೇಲೆ ಕಾರು ಅಲುಗಲೇ ಇಲ್ಲ.

ಕ್ಯಾಮೆರಾ ಪ್ರತಿ ಚಿತ್ರಕ್ಕೂ ಗಂಟೆ ನಿಮಿಷ ಬರೆದಿಡುತ್ತದೆ, ಅದಕ್ಕೆ ಕರುಣೆಯಿಲ್ಲ, ಎಂಟು ಹತ್ತರ ಆರು ಚಿತ್ರ ಕದಡಿವೆ, ಎರಡೆರಡು ಕೊಕ್ಕು, ಎರಡೆರಡು ಕಣ್ಣು, ಅದು ಅವರ ನೋವು, ಅದರ ಚಿತ್ರ ನಾನೇ ತೆಗೆದಿದ್ದೇನೆ, ಎಂಟು ಹದಿನಾಲ್ಕರಿಂದ ಎಂಟು ನಲವತ್ತೊಂದರವರೆಗೆ ಒಂದೊಂದೂ ಸ್ಪಷ್ಟ, ಗರಿಯ ಎಳೆ ಎಣಿಸಬಹುದು, ಅಷ್ಟು ನಿಶ್ಚಲವಾದ ಚಿತ್ರ ನನ್ನ ಕೈಯಿಂದ ಹಿಂದೆಂದೂ ಬಂದಿರಲಿಲ್ಲ. ಅರ್ಧ ಗಂಟೆ ಮುಂಚೆ ಕರ್ಕೊಂಡು ಬಂದಿದ್ರೆ ಅಂದರು ಡಾಕ್ಟರು, ಮಾತು ಮುಗಿಸಲಿಲ್ಲ, ನಾನೂ ಮುಗಿಸಲಿಲ್ಲ, ಅತ್ತೆಗೆ, ಮಗಳಿಗೆ, ಬಂದವರಿಗೆಲ್ಲ ಒಂದೇ ಮಾತು, ದೀಪ ಆರಿದ ಹಾಗೆ ಹೋಗ್ಬಿಟ್ರು, ಒಂದೇ ಕ್ಷಣ. ಪುಣ್ಯವಂತ ನನ್ನ ಮಗ, ಅಂದರು ಅತ್ತೆ, ಆ ಮಾತು ಹಿಡಿದುಕೊಂಡೇ ಈಗ ಊಟ ಮಾಡುತ್ತಾರೆ, ನಿದ್ದೆ ಮಾಡುತ್ತಾರೆ.

ಅತ್ತಿಗೆ, ಅಣ್ಣಂಗೆ ನೋವಾಗ್ಲಿಲ್ಲ ಅಲ್ವಾ, ನಿಜ ಹೇಳಿ. ಅವಳು ನನ್ನ ಕಡೆ ತಿರುಗಿದಳು, ಕಾರು ಅಲುಗಿತು, ಬಕದ ಕಣ್ಣು ಎರಡಾಯಿತು, ನಾಲಿಗೆಯ ತುದಿಗೆ ಬಂತು ಆ ಹಾಳು ಮಾತು, ಅಲುಗಬೇಡ, ನುಂಗಿದೆ, ಈಗಲಾದರೂ ನಿಜ ಹೇಳಬೇಕು, ಆರು ಚಿತ್ರ ಇವೆ ಕಣಮ್ಮ, ಅಳಿಸಿಲ್ಲ, ತೋರಿಸ್ತೀನಿ, ಬಾಯಿ ತೆರೆದೆ, ಬಂದದ್ದು, ಇಲ್ಲಮ್ಮ, ದೀಪ ಆರಿದ ಹಾಗೆ — ಅವಳು ಮೂಗು ಒರೆಸಿಕೊಂಡು ಮುಂದಕ್ಕೆ ವಾಲಿದಳು, ಅವಳ ಕೈ ಸ್ಟೀರಿಂಗಿನ ನಡುವೆ ಬಿತ್ತು, ಸುಮ್ಮನೆ, ಮೀನು ಸಿಕ್ತು ನೋಡ್ರೀ ಅಂತ ಅವತ್ತು ನಾನು ತಿರುಗಿದಾಗ ಅವರ ಕೈಯೂ ಅಲ್ಲೇ, ಬೆರಳು ಅಗಲಿಸಿ, ಅಂಗೈ ಪೂರ್ತಿ ಹಾರ್ನಿನ ಮೇಲೆ, ಒತ್ತಿದ್ದರೆ ಬಕ ಹಾರುತ್ತಿತ್ತು, ನಾನು ಬೈಯುತ್ತಿದ್ದೆ, ಬೈಯಲಿಕ್ಕಾದರೂ ತಿರುಗುತ್ತಿದ್ದೆ, ಒತ್ತಲಿಲ್ಲ, ಹಾರ್ನಿನ ಮೇಲೆ ಅಂಗೈ, ಒತ್ತದೆ, ಅಂಗೈ