ಎದುರಾಳಿಯ ಸರದಿ

ಲಿಫ್ಟ್ ಮೆಕ್ಯಾನಿಕ್ಕನ ಮನೆಯಲ್ಲಿ ಆಟದ ಹುಚ್ಚಿದ್ದದ್ದು ಅವನ ಅತ್ತೆಗೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾಗಿ, ಮಗಳ ಮನೆಗೆ ಬಂದು ನೆಲೆಸಿದ ಮೇಲೆ ಅದು ಹೇಗೋ ಟ್ಯಾಬ್‌ನಲ್ಲಿ ಒಂದು ಕಾರ್ಡ್ ಆಟ ಕಲಿತುಬಿಟ್ಟಿದ್ದರು. ಇಸ್ಪೀಟಿನಂಥದ್ದಲ್ಲ. ಇದರಲ್ಲಿ ರಾಜ ರಾಣಿಯರ ಬದಲು ರೆಕ್ಕೆಯ ಕುದುರೆಗಳು, ಕಲ್ಲಿನ ಕಾವಲುಗಾರರು, ಬೆಂಕಿಯುಗುಳುವ ಮುದುಕಿಯರು. ಗೆದ್ದಂತೆಲ್ಲ ಹೊಸ ಕಾರ್ಡುಗಳ ಪೊಟ್ಟಣ ಸಿಗುತ್ತದೆ. ಅದರಲ್ಲಿ ಬೇಕಾದ್ದನ್ನು ಆರಿಸಿ ತನ್ನದೇ ಒಂದು ಕಟ್ಟು ಮಾಡಿಕೊಂಡು, ಎಲ್ಲೋ ಕೂತಿರುವ ಗುರುತು ಪರಿಚಯವಿಲ್ಲದ ಮನುಷ್ಯನ ಎದುರು ಆಡಬೇಕು. ಅತ್ತೆ ಚಿನ್ನದ ದರ್ಜೆ ತಲುಪಿದ್ದರು. ಸೋಫಾದ ಮೂಲೆಯಲ್ಲಿ ಕೂತು, ಕನ್ನಡಕವನ್ನು ಮೂಗಿನ ತುದಿಗಿಳಿಸಿ, ‘ಬಾ ಮಗನೇ, ಬಾ’ ಎಂದು ಗೊಣಗತೊಡಗಿದರೆ ಯಾವನೋ ಬಡಪಾಯಿಯ ಗ್ರಹಚಾರ ಕೆಟ್ಟಿದೆ ಎಂದು ಮನೆಯವರಿಗೆ ಗೊತ್ತಾಗುತ್ತಿತ್ತು.

ಅಳಿಯ ಆ ಕಡೆ ತಲೆ ಹಾಕಿದವನಲ್ಲ. ಅವನಿಗೆ ಪುರುಸೊತ್ತೇ ಇರಲಿಲ್ಲ. ಆಮೇಲೆ, ಬೇಡವೆಂದರೂ ಪುರುಸೊತ್ತು ಬಂತು.

ಅವನೂ ಉದ್ದಣ್ಣನೂ ಬಹಳ ವರ್ಷ ಜೋಡಿಯಾಗಿ ಕೆಲಸ ಮಾಡಿದವರು. ಉದ್ದಣ್ಣ ಎನ್ನುವುದು ಕಂಪನಿಯಲ್ಲಿ ಇಟ್ಟ ಹೆಸರು. ಹಣೆಗೆ ಬಾಗಿಲು ಬಡಿಸಿಕೊಳ್ಳದೆ ಯಾವ ಕೋಣೆಯನ್ನೂ ಹೊಕ್ಕವನಲ್ಲ ಆತ. ಒಂದು ಬೆಳಿಗ್ಗೆ ಆಫೀಸುಗಳಿದ್ದ ದೊಡ್ಡ ಕಟ್ಟಡವೊಂದರಲ್ಲಿ ಇವನು ಮೇಲಿನ ಮೋಟಾರ್ ಕೋಣೆಯಲ್ಲಿದ್ದ. ಉದ್ದಣ್ಣ ಕೆಳಗೆ, ಲಿಫ್ಟಿನ ನೆತ್ತಿಯ ಮೇಲೆ ನಿಂತು ಹಳಿಗೆ ಎಣ್ಣೆ ಹಚ್ಚುತ್ತಿದ್ದ. ಪಕ್ಕದ ತೊಲೆಗೆ ಕಾಲಿಟ್ಟ, ಜಾರಿದ. ಸೊಂಟದ ಬೆಲ್ಟಿನ ಕೊಕ್ಕೆ ಹಿಡಿಯಬೇಕಿತ್ತು, ಹಿಡಿಯಲಿಲ್ಲ. ಕೊಕ್ಕೆಯೊಳಗೆ ಕಣ್ಣಿಗೆ ಕಾಣದ ಬಿರುಕಿತ್ತು ಎನ್ನುವುದು ಆಮೇಲೆ ಗೊತ್ತಾದ ಮಾತು.

ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರು ಎಂದರು. ಇದ್ದ. ನಿನ್ನ ತಪ್ಪೇನೂ ಇಲ್ಲ ಎಂದು ಬಂದವರೆಲ್ಲ ಹೇಳಿದರು. ಅದು ಅವನಿಗೂ ಗೊತ್ತಿತ್ತು. ಅಳು ಬರಲಿಲ್ಲ, ನಿದ್ದೆಯೂ ಕೆಡಲಿಲ್ಲ. ತಟ್ಟೆಗೆ ಹಾಕಿದ್ದನ್ನು ತಿನ್ನುತ್ತಿದ್ದ, ಕೈ ತೊಳೆದು ಬರುವಷ್ಟರಲ್ಲಿ ಏನು ತಿಂದೆ ಎನ್ನುವುದು ಮರೆತಿರುತ್ತಿತ್ತು. ಹಲ್ಲು ಕೀಳುವ ಮೊದಲು ದವಡೆಗೆ ಸೂಜಿ ಚುಚ್ಚಿದಾಗ ಕೆನ್ನೆ ಬೇರೆ ಯಾರದ್ದೋ ಅನಿಸುತ್ತದಲ್ಲ, ಅವನಿಗೆ ಇಡೀ ಮೈಯೇ ಹಾಗಾಗಿತ್ತು. ಹೆಂಡತಿ ಆಸ್ಪತ್ರೆಯ ಲ್ಯಾಬ್‌ನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಳ್ಳುತ್ತ ಅದೂ ಇದೂ ಹೇಳಿ ಹೋಗುತ್ತಿದ್ದಳು. ನೀರು ಬಂದರೆ ಹಿಡಿದಿಡಿ ಎಂದರೆ ‘ಹೂಂ’ ಎನ್ನುತ್ತಿದ್ದ, ಹಿಡಿದಿಡುತ್ತಿದ್ದ. ಉದ್ದಣ್ಣನ ಹೆಂಡತಿಯನ್ನು ಒಂದು ಸಲ ಮಾತಾಡಿಸಿಕೊಂಡು ಬರೋಣ ಎಂದರೂ ‘ಹೂಂ’ ಎನ್ನುತ್ತಿದ್ದ, ಕೂತಲ್ಲಿಂದ ಏಳುತ್ತಿರಲಿಲ್ಲ.

ಹೀಗಿರುವಾಗ ಅತ್ತೆಯ ಒಂದು ಕಣ್ಣಿನ ಪೊರೆ ತೆಗೆಸಿದ್ದಾಯಿತು. ಇನ್ನೊಂದು ಕಣ್ಣು ಮೊದಲೇ ಮಂದ. ಡಾಕ್ಟರು ಒಂದು ವಾರ ಟೀವಿಯೂ ಬೇಡ, ಟ್ಯಾಬೂ ಬೇಡ ಎಂದು ಕಟ್ಟಪ್ಪಣೆ ಮಾಡಿ ಕಳಿಸಿದರು. ಕಣ್ಣಿನ ನೋವಿಗೆ ಅತ್ತೆ ಚಕಾರ ಎತ್ತಲಿಲ್ಲ. ತಿಂಗಳ ಕೊನೆ ಹತ್ತಿರವಾಗಿತ್ತು; ಆಡದೆ ಬಿಟ್ಟರೆ ದರ್ಜೆ ಕೆಳಗಿಳಿಯುತ್ತದೆ ಎನ್ನುವುದೇ ಅವರ ಕೊರಗು. ಮಗಳು ಕೆಲಸಕ್ಕೆ ಹೋದ ಮೇಲೆ ಗೋಡೆ ಹಿಡಿದುಕೊಂಡು ಹಾಲಿಗೆ ಬಂದರು.

“ಅಳಿಯಂದ್ರೇ, ನಿಮ್ಮಿಂದ ಒಂದು ಉಪಕಾರ ಆಗ್ಬೇಕಲ್ಲ.”

“ಹೂಂ.”

“ನನ್ನ ಬದಲು ನೀವು ಆಡ್ಬೇಕು.”

“ನಂಗೆ ಬರಲ್ಲ ಅತ್ತೆ.”

“ಬರ್ಬೇಕು ಅಂತ ಯಾರಂದ್ರು? ಬೆರಳು ನಿಮ್ದು, ತಲೆ ನಂದು. ಪರದೆ ಮೇಲೆ ಏನಿದೆ ಅಂತ ಹೇಳ್ತಾ ಹೋಗಿ, ಸಾಕು.”

ಬೇಡ ಎನ್ನುವುದಕ್ಕೂ ಒಂದಿಷ್ಟು ಶಕ್ತಿ ಬೇಕು. ಅವನು ಟ್ಯಾಬ್ ತೆಗೆದುಕೊಂಡ.

ಮೊದಲ ಆಟ ನಗೆಪಾಟಲಾಯಿತು. ಏನು ಕಾಣುತ್ತಿದೆ ಎಂದು ಅತ್ತೆ ಕೇಳಿದರೆ, ಒಂದು ಪ್ರಾಣಿ ಇದೆ ಎಂದ. ಯಾವ ಪ್ರಾಣಿ? ಹಂದಿಯ ಹಾಗಿದೆ. ಮೈಮೇಲೆ ಮುಳ್ಳಿದೆಯೇ, ಎಡಗಡೆಯ ಅಂಕಿ ಎಷ್ಟು, ಬಲಗಡೆಯದು ಎಷ್ಟು? ಎಡದ್ದು ಅದು ಹೊಡೆಯುವ ಏಟು, ಬಲದ್ದು ಅದರಲ್ಲಿ ಉಳಿದಿರುವ ಜೀವ ಎಂದು ಅತ್ತೆ ಬಿಡಿಸಿ ಹೇಳಿದರು. ನೆತ್ತಿಯಲ್ಲಿರುವ ಅಂಕಿ ಅದರ ಬೆಲೆ. ಪರದೆಯ ಕೆಳಗೆ ಸಾಲಾಗಿ ನೀಲಿ ಹನಿಗಳಿರುತ್ತವೆ, ಸರದಿಗೊಂದರಂತೆ ಹೆಚ್ಚುತ್ತ ಹೋಗುತ್ತವೆ. ಹನಿ ಎಷ್ಟಿದೆಯೋ ಅಷ್ಟೇ ಬೆಲೆಯ ಕಾರ್ಡು ಇಳಿಸಬಹುದು. ಹಾಸಿಗೆ ಇದ್ದಷ್ಟು ಕಾಲು ಎಂದುಕೊಳ್ಳಿ ಎಂದರು. ಇವನು ಮುಳ್ಳುಹಂದಿಯ ಎರಡು ಅಂಕಿಗಳನ್ನೂ ಅದಲುಬದಲು ಮಾಡಿ ಹೇಳಿದ. ಅತ್ತೆ ಅದನ್ನು ನಂಬಿ ಕುದುರೆಯನ್ನು ಮುಂದೆ ಬಿಡಿಸಿದರು. ಕುದುರೆ ಸತ್ತಿತು. ಆ ಗಡಿಬಿಡಿಯಲ್ಲಿ ಇವನ ಹೆಬ್ಬೆರಳು ‘ಸರದಿ ಮುಗಿಯಿತು’ ಎನ್ನುವ ಗುಂಡಿಯ ಮೇಲೆ ಬಿತ್ತು.

“ಎಕ್ಸ್‌ಚೇಂಜಲ್ಲಿ ನಿಮ್ಮಂಥ ಗಿರಾಕಿ ಸಿಕ್ಕಿದ್ರೆ ಲೈನ್ ಕಿತ್ತು ಬಿಸಾಕ್ತಿದ್ದೆ,” ಎಂದರು ಅತ್ತೆ. ಕಣ್ಣಿಗೆ ಬಿಳಿಯ ಪಟ್ಟಿ, ಬಾಯಲ್ಲಿ ನಗು. ಅವನು ನಗಲಿಲ್ಲ. ಆದರೆ ಮುಂದಿನ ಆಟದಲ್ಲಿ ಎಡದ ಅಂಕಿ, ಬಲದ ಅಂಕಿ, ಬೆಲೆ, ಕಾರ್ಡಿನ ಕೆಳಗೆ ಬರೆದಿರುವ ಮಾತು ಎಲ್ಲವನ್ನೂ ಒಂದಾದ ಮೇಲೊಂದರಂತೆ ಓದಿ ಹೇಳಿದ. ಬಹಳ ದಿನಗಳಿಂದ ಅಷ್ಟು ಮಾತು ಅವನ ಬಾಯಿಂದ ಹೊರಟಿರಲಿಲ್ಲ. ಅದು ಅವನ ಗಮನಕ್ಕೆ ಬರಲಿಲ್ಲ. ಗಂಟಲು ಒಣಗಿ ಎದ್ದು ಹೋಗಿ ನೀರು ಕುಡಿದ, ಅಷ್ಟೇ.

ಇಷ್ಟಾದರೂ ಚಿನ್ನ ಕೈತಪ್ಪಿತು. ಬೆಳ್ಳಿಗೆ ಇಳಿದ ದಿನ ಅತ್ತೆ ಒಂದು ನಿಟ್ಟುಸಿರು ಬಿಟ್ಟು, ಇನ್ನು ನನ್ನ ಮರ್ಯಾದೆ ಪಣಕ್ಕಿಟ್ಟು ನೀವು ಕಲಿಯುವುದು ಬೇಡ, ನಿಮ್ಮ ಮೊಬೈಲಿನಲ್ಲಿ ನಿಮ್ಮದೇ ಖಾತೆ ತೆರೆಯಿರಿ ಎಂದರು. ತೆರೆದ. ಹೆಸರು ಕೇಳಿತು. ‘ಹೊಸಬ’ ಎಂದು ಹಾಕಿದ. ಆ ಹೆಸರು ಆಗಲೇ ಯಾರೋ ತೆಗೆದುಕೊಂಡಿದ್ದಾರೆ ಎಂದಿತು. ಹೆಸರಿನ ಹಿಂದೆ ಉದ್ದದೊಂದು ಅಂಕಿ ಸೇರಿಸಿಕೊಂಡು ಒಳಗೆ ಹೋದ. ಪಾಠ ಹೇಳಿಕೊಡಲು ಒಂದು ಗಿಳಿ ಇತ್ತು. ಕಾರ್ಡು ಮುಟ್ಟಿದರೂ ಶಭಾಷ್, ಬಿಟ್ಟರೂ ಶಭಾಷ್. ಪಾಠದ ಎದುರಾಳಿ ಸೋಲುವುದಕ್ಕೇ ಕೂತಿದ್ದ ಬೊಂಬೆ. ಪಾಠ ಮುಗಿಸಿದ್ದಕ್ಕೆ ಪೊಟ್ಟಣ ಉಚಿತ ಎಂದಿತು. ಬೆರಳಿನಲ್ಲಿ ಎಳೆದ, ಕಾಗದ ಹರಿಯುವ ಸದ್ದು, ಬೆಳಕು, ಆಮೇಲೆ ಗಂಟೆ ಬಾರಿಸಿದ ಹಾಗೆ ಒಂದು ದನಿ.

ಆ ದನಿ ಕೇಳಿ ಒಳಗೆ ಮಲಗಿದ್ದ ಅತ್ತೆ ಎದ್ದು ಕೂತರು. ಅಪರೂಪದ್ದು ಬಂದಿದೆ, ಯಾವುದು ಹೇಳಿ ಎಂದು ಅಲ್ಲಿಂದಲೇ ಕೂಗಿದರು. ಹಣೆಗೆ ಲಾಂದ್ರ ಕಟ್ಟಿಕೊಂಡ ತಿಮಿಂಗಿಲ ಎಂದು ಇವನು ಹೇಳಿದ. ಅದಕ್ಕಾಗಿ ಜನ ವರ್ಷಗಟ್ಟಲೆ ಬಾಯಿ ಬಿಟ್ಟುಕೊಂಡು ಕಾಯುತ್ತಾರೆ, ತಮಗೂ ಇನ್ನೂ ಸಿಕ್ಕಿಲ್ಲ ಎಂದರು ಅತ್ತೆ. ಅವನು ತಿಮಿಂಗಿಲವನ್ನು ಸ್ವಲ್ಪ ಹೊತ್ತು ನೋಡಿದ. ಪಕ್ಕದ ಮನೆಯವರ ಪಾರ್ಸೆಲ್ಲು ತಪ್ಪಿ ತನ್ನ ಬಾಗಿಲಿಗೆ ಬಂದಂತೆ ಅನಿಸಿತು.

ದೊಡ್ಡ ದೊಡ್ಡ ಕಾರ್ಡುಗಳನ್ನೇ ತುಂಬಿ ಕಟ್ಟು ಮಾಡಿಕೊಂಡ. ಅದು ಎಲ್ಲ ಹೊಸಬರೂ ಮಾಡುವ ತಪ್ಪು. ಹನಿಗಳು ಒಂದು, ಎರಡು ಇರುವಾಗ ಕೈಯಲ್ಲಿರುವ ತಿಮಿಂಗಿಲವನ್ನು ಇಳಿಸಲಾಗುವುದಿಲ್ಲ. ಅಷ್ಟರಲ್ಲಿ ಎದುರಿನವನ ಇಲಿ, ಓತಿಕೇತ, ಪುಟಾಣಿ ಕಳ್ಳರು ಬಂದು ಚೂರು ಚೂರೇ ಕಚ್ಚಿ ಮುಗಿಸಿಬಿಡುತ್ತಾರೆ. ಸೋತ. ಸಣ್ಣವನ್ನೂ ಸೇರಿಸಿಕೊಳ್ಳಿ ಎಂದು ಅತ್ತೆ ಹೇಳಿದ ಮೇಲೆ ಸೇರಿಸಿಕೊಂಡು ಸೋತ. ಕಾವಲುಗಾರನನ್ನು ಮೊದಲು ಕೆಡವದೆ ಹಿಂದಿರುವವರನ್ನು ಮುಟ್ಟಲಾಗುವುದಿಲ್ಲ ಎನ್ನುವುದನ್ನು ಸೋತು ಕಲಿತ. ಸೋತರೆ ಏನೂ ಆಗುತ್ತಿರಲಿಲ್ಲ. ‘ಮತ್ತೆ ಆಡು’ ಎನ್ನುವ ಗುಂಡಿ ಬರುತ್ತಿತ್ತು, ಒತ್ತುತ್ತಿದ್ದ. ಪ್ರತಿ ಸರದಿಗೂ ಪರದೆಯ ನಡುವೆ ಒಂದು ದಾರ ಉರಿಯತೊಡಗುತ್ತದೆ. ಅದು ಉರಿದು ಮುಗಿಯುವುದರೊಳಗೆ ಏನೋ ಒಂದಿಷ್ಟು ಮಾಡಬೇಕು. ಮಾಡದಿದ್ದರೂ ಸರಿ, ಎದುರಾಳಿಯ ಸರದಿ ಬರುತ್ತದೆ. ಅಷ್ಟನ್ನು ಮಾತ್ರ ಬೇಡುವ ಕೆಲಸ ಅವನಿಗೆ ಸಾಕಿತ್ತು.

ಮೊದಲ ಸಲ ಗೆದ್ದಾಗ ಹೆಂಡತಿ ಮನೆಯಲ್ಲಿದ್ದಳು. ಮೊಬೈಲಿನಿಂದ ತುತ್ತೂರಿ ಕೇಳಿ ಅಡುಗೆಮನೆಯಿಂದ ಓಡಿ ಬಂದಳು.

“ಗೆದ್ರೇನ್ರೀ?”

“ಹೂಂ.”

ಅವಳ ಮುಖ ಇಳಿದುಹೋಯಿತು. ಅತ್ತೆ ಮಗಳ ಕೈಹಿಡಿದು ಒಳಗೆ ಕರೆದುಕೊಂಡು ಹೋದರು. ಗೆದ್ದಿದ್ದಕ್ಕೆ ಕುಣಿಯಲಿ ಅಂತ ಅವರ ಹತ್ತಿರ ಆಡಿಸುತ್ತಿಲ್ಲ, ಸುಮ್ಮನೆ ಬಿಡು ಎಂದು ತಗ್ಗಿದ ದನಿಯಲ್ಲಿ ಹೇಳಿದ್ದು ಅವನಿಗೂ ಕೇಳಿಸಿತು. ಅವನು ಮುಂದಿನ ಆಟ ಶುರುಮಾಡಿದ.

ಆ ವಾರವೇ ವಿಚಾರಣೆಗೆ ಕರೆದರು. ಮೇಜಿನ ಆಚೆ ಕೂತವರು ಬೆಲ್ಟು, ಕೊಕ್ಕೆ, ಕೊನೆಯ ತಪಾಸಣೆಯ ಬಗ್ಗೆ ಕೇಳಿದರು. ಕೇಳಿದ್ದಕ್ಕೆ ಹೇಳಿದ. ಬೆಲ್ಟು ಪೂರೈಸಿದವರದ್ದೇ ದೋಷ, ಮುಂದಿನ ತಿಂಗಳ ಮೊದಲಲ್ಲಿ ಕೆಲಸಕ್ಕೆ ಬರಬಹುದು ಎಂದರು. ಎದ್ದು ನಿಂತು ಕೈಕುಲುಕಿದವರ ಕೈ ತಣ್ಣಗಿತ್ತೋ ಬೆಚ್ಚಗಿತ್ತೋ ಅವನಿಗೆ ತಿಳಿಯಲಿಲ್ಲ.

ಮರುದಿನ ಮಧ್ಯಾಹ್ನ ಅತ್ತೆಯ ಪಟ್ಟಿ ಬಿಚ್ಚಿದ್ದರು. ಕಪ್ಪು ಕನ್ನಡಕ ಹಾಕಿಕೊಂಡು ಪಕ್ಕದಲ್ಲೇ ಬಂದು ಕೂತರು. ಆಟ ನಡೆದಿತ್ತು. ಎದುರಾಳಿ ಎರಡು ಕಾರ್ಡು ಇಳಿಸಿದವನು ಇದ್ದಕ್ಕಿದ್ದಂತೆ ನಿಂತುಬಿಟ್ಟ. ದಾರ ಉರಿದು ಮುಗಿಯಿತು, ಸರದಿ ಇವನಿಗೆ ಬಂತು. ಇವನು ಒಂದು ಕಾರ್ಡು ಇಳಿಸಿದ. ಎದುರಾಳಿಯ ಸರದಿ, ಮತ್ತೆ ದಾರ ಉರಿಯಿತು, ಆಚೆಯಿಂದ ಏನೂ ಇಲ್ಲ.

“ಏನು ಮಾಡ್ದ?” ಎಂದರು ಅತ್ತೆ.

“ಏನೂ ಮಾಡ್ಲಿಲ್ಲ.”

“ಎದ್ದು ಹೋಗಿದ್ದಾನೆ ಹಾಗಾದ್ರೆ. ಹೊಡೀರಿ, ಪುಕ್ಕಟೆ ಗೆಲುವು.”

ಅವನು ಹೊಡೆಯಲಿಲ್ಲ. ಸರದಿ ಮುಗಿಸಿದ. ತನ್ನ ಕಡೆ ಕಾವಲುಗಾರರು, ಕುದುರೆಗಳು ಸಾಲುಗಟ್ಟಿ ನಿಂತಿದ್ದವು. ಒಂದನ್ನೂ ಮುಂದೆ ಬಿಡಲಿಲ್ಲ.

“ಬರ್ತಾನೆ,” ಎಂದ.

“ಬರದಿದ್ರೆ?”

“ಬಾಗಿಲಿಗೆ ಯಾರಾದ್ರೂ ಬಂದಿರ್ತಾರೆ. ಬರ್ತಾನೆ ಅತ್ತೆ.”

ದಾರ ಮತ್ತೆ ಉರಿಯತೊಡಗಿತು. ಹೊರಗೆ ಯಾರೋ ಮೆಟ್ಟಿಲ ಮೇಲೆ ಸಾಮಾನು ಎಳೆದುಕೊಂಡು ಹೋಗುತ್ತಿದ್ದರು. ಪರದೆಯಿಂದ ಕಣ್ಣು ತೆಗೆಯದೆ, ಅಂಕಿಗಳನ್ನು ಓದಿ ಹೇಳುವ ದನಿಯಲ್ಲೇ ಅವನು ಮಾತಾಡಿದ.

“ಆವತ್ತು ಸದ್ದು ಕೇಳಿಸ್ತು. ಎಣ್ಣೆ ಡಬ್ಬ ಬಿತ್ತು ಅಂದ್ಕೊಂಡೆ. ಮೇಲಿಂದ ಕೂಗ್ದೆ. ಉತ್ತರ ಬರ್ಲಿಲ್ಲ. ಕೇಳಿಸಿಲ್ವೇನೋ ಅಂತ ಇನ್ನೊಂದ್ಸಲ ಕೂಗ್ದೆ.”

ಅತ್ತೆ ಅವನ ಕಡೆ ತಿರುಗಿದರು.

“ಕೆಳಗಿನವರು ಬಾಗಿಲು ತೆಗೆದು, ಅವನನ್ನ ನೋಡಿ, ಮೇಲೆ ಬಂದು ನನ್ನ ಭುಜ ಹಿಡ್ಕೊಂಡ್ರು. ಆಗಲೂ ನಾನು ಕೂಗ್ತಾನೇ ಇದ್ದೆನಂತೆ.” ಸರದಿ ಬಂತು, ಮುಗಿಸಿದ. “ಇದನ್ನ ಅವರು ಕೇಳ್ಲಿಲ್ಲ.”

“ಯಾರು?”

“ವಿಚಾರಣೆಯವರು. ಕೊಕ್ಕೆ ವಿಷಯ ಮಾತ್ರ ಕೇಳಿದ್ರು.”

“ಏನಂತ ಕೂಗಿದ್ರಿ?” ಎಂದರು ಅತ್ತೆ.

“ಲೋ ಉದ್ದ, ಅಂತ. ಅಷ್ಟೇ.”

ಅತ್ತೆ ಕೈಚಾಚಿ ಅವನ ಮೊಣಕೈಯನ್ನು ಹುಡುಕಿ ಹಿಡಿದುಕೊಂಡರು. ಅಳಿಯನನ್ನು ಅವರು ಮುಟ್ಟಿದ್ದು ಅದೇ ಮೊದಲಿರಬೇಕು. ಸಮಾಧಾನದ ಮಾತು ಆಡಲು ಹೋಗಲಿಲ್ಲ. ಎಷ್ಟೋ ವರ್ಷ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕಂಡವರ ಸಾವು ನೋವಿನ ಸುದ್ದಿಗಳನ್ನು ಅಲ್ಲಿಂದಿಲ್ಲಿಗೆ ದಾಟಿಸಿದ ಹೆಂಗಸು. ಲೈನಿನಲ್ಲಿ ಯಾವಾಗ ಸುಮ್ಮನಿರಬೇಕು ಎನ್ನುವುದು ಅವರಿಗೆ ಗೊತ್ತಿತ್ತು.

ಅಷ್ಟರಲ್ಲಿ ಎದುರಾಳಿ ಬಂದ. ನಿಂತ ನೀರು ಹರಿದ ಹಾಗೆ ಅವನ ಕಾರ್ಡುಗಳು ಇಳಿದವು. ಕೂಡಿಬಿದ್ದ ಹನಿಗಳೆಲ್ಲ ಅವನ ಹತ್ತಿರ ಹಾಗೇ ಇದ್ದವು. ಬೆಂಕಿಯುಗುಳುವ ಮುದುಕಿ ಬಂದು ಇವನು ಸಾಲು ನಿಲ್ಲಿಸಿದ್ದ ಕುದುರೆ, ಕಾವಲುಗಾರ, ಮುಳ್ಳುಹಂದಿ ಎಲ್ಲವನ್ನೂ ಒಂದೇ ಉಸಿರಿಗೆ ಸುಟ್ಟುಹಾಕಿದಳು. ಮುಂದಿನ ಸರದಿಗೆ ಆಟ ಮುಗಿಯಿತು. ‘ನೀವು ಸೋತಿರಿ.’ ಅದರ ಕೆಳಗೆ ಎದುರಾಳಿ ಹಲ್ಲು ಕಿರಿಯುವ ಕಪ್ಪೆಯ ಚಿತ್ರವೊಂದನ್ನು ಬೇರೆ ಕಳಿಸಿದ್ದ.

“ಥೂ, ಇವನಜ್ಜಿ,” ಎಂದ ಅಳಿಯ. “ಇವನಿಗೋಸ್ಕರ ಕಾದ್ನಲ್ಲ ನಾನು.”

ಅತ್ತೆಗೆ ನಗು ತಡೆಯಲಾಗಲಿಲ್ಲ. ಕನ್ನಡಕದಡಿಯಿಂದ ನೀರು ಒರೆಸಿಕೊಂಡು, ಆಪರೇಷನ್ ಆದ ಕಣ್ಣು, ನಗಿಸಬೇಡಿ ಎಂದರು. ಅವನ ಕಿವಿ ಬಿಸಿಯಾಗಿತ್ತು. ಅದು ಸಿಟ್ಟು, ಕಾಲಿಗೆ ಸಣ್ಣ ಸಿಬಿರು ಚುಚ್ಚಿದಷ್ಟು ಸಿಟ್ಟು. ಎದ್ದು ಹೋಗಿ ನೀರು ಕುಡಿದು ಬರುವಷ್ಟರಲ್ಲಿ ಅದೂ ಇರಲಿಲ್ಲ. ಮೊದಲಿನ ಹಾಗೇ ಆಗಿತ್ತು. ಆದರೂ ಆ ದಿನ ಅವನು ‘ಮತ್ತೆ ಆಡು’ ಗುಂಡಿ ಒತ್ತದೆ ಮೊಬೈಲನ್ನು ಪಕ್ಕಕ್ಕಿಟ್ಟು, ಸಂಜೆ ಹೆಂಡತಿ ಬಂದ ಮೇಲೆ, ಉದ್ದಣ್ಣನ ಮನೆಗೆ ಹೋಗುವುದಾದರೆ ನಾಳೆ ಹೋಗೋಣ ಎಂದ.

ಹೋದರು. ಉದ್ದಣ್ಣನ ಹೆಂಡತಿ ಬಾಗಿಲು ತೆಗೆದು, ಬನ್ನಿ ಎಂದು ಕೂರಿಸಿ, ಟೀ ಮಾಡಿ ತಂದಳು. ಇಬ್ಬರು ಹೆಂಗಸರೂ ಮಾತಾಡುತ್ತಿದ್ದರು. ಇವನು ಗೋಡೆಯ ಮೇಲಿನ ಮೊಳೆಯೊಂದನ್ನು ನೋಡುತ್ತಿದ್ದ. ಮನೆಯಲ್ಲಿ ಹೊತ್ತು ಹೇಗೆ ಕಳೆಯುತ್ತೀರಿ ಎಂದು ಅವಳು ಕೇಳಿದಳು.

“ಒಂದು ಆಟ ಕಲೀತಿದ್ದೀನಿ,” ಎಂದ. “ಮೊಬೈಲಲ್ಲಿ. ಕಾರ್ಡ್ ಆಟ.”

“ಚೆನ್ನಾಗಿ ಆಡ್ತೀರಾ?”

“ಇಲ್ಲ. ಸೋಲ್ತೀನಿ.”

ಅವಳು ತಲೆಯಾಡಿಸಿದಳು. ಕಷ್ಟವಾ ಆಟ ಎಂದು ಕೇಳಿ, ಸಂಜೆ ಮಕ್ಕಳು ಟ್ಯೂಷನ್‌ಗೆ ಹೋದ ಮೇಲೆ ಮನೆಯಲ್ಲಿ ಇರಲಾಗುವುದಿಲ್ಲ ಎಂದಳು. ಅವನು ತನ್ನ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡು ಮೊಬೈಲು ತೆರೆದ. ಎಡಗಡೆಯ ಅಂಕಿ ಏಟು, ಬಲಗಡೆಯದು ಜೀವ ಎಂದು ತೋರಿಸಿದ. ಅವಳು ಬಗ್ಗಿ ನೋಡಿದಳು. ಇಬ್ಬರ ಮುಖದಲ್ಲೂ ಏನೂ ಇರಲಿಲ್ಲ. ಹೆಂಡತಿ ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.