ಮನೆಯವರು ಏನಂದರು?

ಸೋಮವಾರ ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ಸೋಫಾ ಅಂಗಡಿಯ ಹಿಂದಿನ ಕೋಣೆಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು: "ಮಾಸ್ತರೇ, ಈ ಸಲದ ಸಿನಿಮಾಕ್ಕೆ ಮನೆಯವರು ಏನಂದರು?"

ಮಾಸ್ತರ ಎಂದರೆ ಸೋಫಾದ ಬಟ್ಟೆ ಕತ್ತರಿಸುವವನು. ಕೈ ಚುರುಕು, ಬಾಯಿ ಮಂದ. ಸಿನಿಮಾ ಹೇಗಿತ್ತು ಎಂದು ಅವನನ್ನೇ ಕೇಳಿದರೆ "ಪರವಾಗಿಲ್ಲ" ಎನ್ನುವುದರಾಚೆಗೆ ಮಾತು ಹೊರಡುತ್ತಿರಲಿಲ್ಲ. ಹೆಂಡತಿ ಹೇಳಿದ್ದನ್ನು ಹೇಳು ಎಂದರೆ ಮಾತ್ರ ಅದೆಲ್ಲಿತ್ತೋ, ನಾಲಿಗೆಗೆ ಜೀವ ಬರುತ್ತಿತ್ತು.

"ಕಾಡಿನಲ್ಲಿ ಅಷ್ಟು ಅಲೆದರೂ ನಾಯಕಿಯ ಜಡೆಯ ಒಂದೆಳೆಯೂ ಕದಲಿಲ್ಲ, ಮರದ ಹಿಂದೆ ಬ್ಯೂಟಿ ಪಾರ್ಲರ್ ಇತ್ತೇನೋ ಅಂದಳು" ಎಂದರೆ ಹೊಲಿಗೆಯಕ್ಕನಿಗೆ ನೆತ್ತಿಗೇರಿ ಕೆಮ್ಮು ಬರುತ್ತಿತ್ತು. ಸ್ಪ್ರಿಂಗ್ ಕಟ್ಟುವ ಲಂಬು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಆ ಹೆಂಗಸು ಒಪ್ಪಿದ ಸಿನಿಮಾಕ್ಕಷ್ಟೇ ಅಂಗಡಿಯವರು ಹೋಗುತ್ತಿದ್ದರು.

ಅವರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಆ ಹೆಂಗಸು ಮಾಸ್ತರನ ಮನೆ ಬಿಟ್ಟು ಚಳಿಗಾಲದಲ್ಲೇ ಅಕ್ಕನ ಮನೆಗೆ ಹೋಗಿದ್ದಳು. ಅವಳು ಮನೆ ಬಿಟ್ಟ ವಾರವೇ ಲಂಬು ಎಂದಿನಂತೆ ಕೇಳಿದ್ದ. ಇಲ್ಲ ಎನ್ನಲು ಬಾಯಿ ಬರದೆ ಮಾಸ್ತರ ಏನೋ ಒಂದು ಹೇಳಿದ್ದ. ಎಲ್ಲರೂ ನಕ್ಕಿದ್ದರು. ಆಮೇಲೆ ಅದೇ ರೂಢಿಯಾಯಿತು. ಪ್ರತಿ ಭಾನುವಾರ ಒಬ್ಬನೇ ಹೋಗಿ, ಪಕ್ಕದ ಕುರ್ಚಿಯಲ್ಲಿ ಅವಳಿದ್ದಿದ್ದರೆ ಏನನ್ನುತ್ತಿದ್ದಳು ಎಂದು ಯೋಚಿಸುತ್ತಾ ಸಿನಿಮಾ ನೋಡುವನು. ಅವಳ ಮನಸ್ಸು ತನಗೆ ಅಂಗೈಯಷ್ಟು ಪರಿಚಿತ ಎಂದುಕೊಂಡಿದ್ದ. ಅಂಗಡಿಯಲ್ಲಿ ಅವಳ ಮಾತು ನಡೆಯುತ್ತಿರುವಷ್ಟು ಹೊತ್ತು ಅವಳು ಪೂರ್ತಿ ಹೋಗಿಲ್ಲ ಎನಿಸುತ್ತಿತ್ತು.

ಒಂದು ಮಂಗಳವಾರ ಹೊಲಿಗೆಯಕ್ಕ ಹೊಸ ಕನ್ನಡಕ ಹಾಕಿಕೊಂಡು ಬಂದಳು.

"ನಿಮ್ಮನೆಯವರು ಕೆಲಸ ಮಾಡೋ ಅಂಗಡೀಲೇ ಮಾಡಿಸ್ಕೊಂಡೆ ಮಾಸ್ತರೇ. ನಮ್ಮ ಮಾಲೀಕರ ಮನೆ ಊಟದಲ್ಲಿ ಒಂದ್ಸಲ ನೋಡಿದ್ನಲ್ಲ, ಕೂಡಲೇ ಗುರುತು ಹಿಡಿದೆ. ನೀವು ನಿನ್ನೆ ಹೇಳಿದ್ರಲ್ಲ, ಸಿನಿಮಾದ ನಾಯಕಿ ಪೆಟ್ಟಿಗೆ ತುಂಬೋ ಮಾತು, ಕೇಳಿ ನಕ್ಕೂ ನಕ್ಕೂ ಸಾಕಾಯ್ತು ಅಂದೆ."

ಮಾಸ್ತರನ ಕತ್ತರಿ ನಿಂತಿತು. "ಏನಂದ್ಲು?"

"ಪಾಪ, ಅವರಿಗೆ ಮರೆವು ಜಾಸ್ತಿ ಕಣ್ರೀ. 'ನಾನು ಇನ್ನೇನೇನು ಹೇಳಿದೀನಿ?' ಅಂತ ನನ್ನನ್ನೇ ಕೂರಿಸಿಕೊಂಡು ಎಲ್ಲಾನೂ ಕೇಳಿಸ್ಕೊಂಡ್ರು. ನಗಲೇ ಇಲ್ಲ ನೋಡಿ."

ಅಂದು ಮಾಸ್ತರ ಒಂದು ದುಬಾರಿ ಬಟ್ಟೆಯನ್ನು ಅಡ್ಡಡ್ಡ ಕತ್ತರಿಸಿ ಮಾಲೀಕನಿಂದ ಬೈಸಿಕೊಂಡ. ಸಂಜೆ ನೆಟ್ಟಗೆ ಕನ್ನಡಕದಂಗಡಿಗೆ ನಡೆದ. ಒಳಗೆ ಅವಳು ಒಬ್ಬಳೇ ಇದ್ದಳು. ಫ್ರೇಮುಗಳನ್ನು ಒಂದೊಂದಾಗಿ ಒರೆಸಿ ಗಾಜಿನ ಕಪಾಟಿನಲ್ಲಿಡುತ್ತಿದ್ದಳು. ಇವನನ್ನು ಕಂಡು ಒರೆಸುವುದನ್ನು ನಿಲ್ಲಿಸಲಿಲ್ಲ.

"ನಾನು ಹಾಗಂದ್ನಂತೆ," ಎಂದಳು. "ಕೋಪ ಬಂದವಳು ಪೆಟ್ಟಿಗೆಗೆ ಬಟ್ಟೆ ಮಡಚಿ ಮಡಚಿ ಇಡ್ತಾಳಾ, ಅವಳೇನು ಮದುವೆಗೆ ಹೊರಟಿದಾಳಾ ಅಂತ. ಹೇಳಿ ಬಿದ್ದು ಬಿದ್ದು ನಕ್ಕೆನಂತೆ."

"ತಮಾಷೆಗೆ ಹೇಳಿದ್ದು..."

"ಆ ಸಿನಿಮಾ ನಾನೂ ನೋಡಿದೆ, ಅಕ್ಕನ ಜೊತೆ. ಆ ಜಾಗದಲ್ಲಿ ನನಗೆ ಅಳು ತಡಿಯೋಕಾಗಲಿಲ್ಲ. ಮನೆ ಬಿಟ್ಟ ದಿನ ನಾನೂ ಮಡಚೇ ಇಟ್ಕೊಂಡಿದ್ದು. ನೀವು ಬಾಗಿಲಲ್ಲಿ ನಿಂತು ನೋಡ್ತಾ ಇದ್ರಿ. ಏನಾದ್ರೂ ಅಂತೀರೇನೋ ಅಂತ ಒಂದೊಂದು ಸೀರೇನೂ ಎರಡೆರಡು ಸಲ ಮಡಚಿದೆ."

ಆ ದಿನ ಅವಳು ಮಡಚುವುದನ್ನು ಮಾಸ್ತರ ನೋಡಿದ್ದ. ಇಷ್ಟು ನಿಧಾನವಾಗಿ ತುಂಬುತ್ತಿದ್ದಾಳೆ ಎಂದರೆ ಹೋಗುವ ನಿರ್ಧಾರ ಎಷ್ಟು ಗಟ್ಟಿಯಿರಬೇಕು ಎಂದುಕೊಂಡು ಸುಮ್ಮನಿದ್ದ.

"ಸಿನಿಮಾ ಹೇಗಿತ್ತು ಅಂದ್ರೆ ಪರವಾಗಿಲ್ಲ, ಊಟ ಹೇಗಿದೆ ಅಂದ್ರೆ ಪರವಾಗಿಲ್ಲ. ಮಗು ಉಳಿಯಲಿಲ್ಲ ಅಂತ ಡಾಕ್ಟರು ಹೇಳಿದ ದಿನಾನೂ ನೀವು ಅದನ್ನೇ ಅಂದ್ರಿ, ಪರವಾಗಿಲ್ಲ ಬಿಡು ಅಂತ. ಈಗ ನೋಡಿದ್ರೆ ನಾಲ್ಕು ಜನರ ನಡುವೆ ಕೂತು ಗಂಟೆಗಟ್ಟಲೆ ಮಾತಾಡ್ತೀರಂತೆ. ಅದೂ ನನ್ನ ಬಾಯಲ್ಲಿ."

ಅವನು ಗಾಜಿನ ಮೇಲೆ ಕೈಯಿಟ್ಟ. ಬೆರಳಚ್ಚು ಮೂಡಿತೆಂದು ತೆಗೆದ.

"ನಾನು ಆ ಸಿನಿಮಾ ಪೂರ್ತಿ ನೋಡಲಿಲ್ಲ," ಎಂದ. "ಪೆಟ್ಟಿಗೆ ತುಂಬೋ ಜಾಗದಲ್ಲಿ ಎದ್ದು ಹೊರಗೆ ಬಂದುಬಿಟ್ಟೆ. ಉಸಿರು ಕಟ್ಟಿದಂಗಾಯ್ತು."

ಅವಳ ಕೈಯಲ್ಲಿದ್ದ ಬಟ್ಟೆ ನಿಂತಿತು. "ಅದನ್ನ ಯಾಕೆ ಹೇಳಲಿಲ್ಲ ಅವರಿಗೆ?"

"ಅವರು ನನ್ನನ್ನ ಕೇಳಲಿಲ್ಲ."

"ನಾನು ಕೇಳಿದ್ದೆ," ಎಂದಳು ಅವಳು. ದನಿಯಲ್ಲಿ ಕೋಪವಿರಲಿಲ್ಲ, ಬರೀ ಆಯಾಸವಿತ್ತು. "ಕೇಳೀ ಕೇಳೀ ಸಾಕಾಯ್ತು."

ಅಷ್ಟರಲ್ಲಿ ಮುದುಕರೊಬ್ಬರು ಮುರಿದ ಕನ್ನಡಕ ಹಿಡಿದು ಬಾಗಿಲು ತಳ್ಳಿದರು. ಅವಳು ಅವರಿಗೆ ಕುರ್ಚಿ ಎಳೆದುಕೊಟ್ಟು, ಹೋಗುವಂತೆ ಗಂಡನಿಗೆ ಕಣ್ಣಲ್ಲೇ ಸೂಚಿಸಿದಳು. ಆಮೇಲೆ ಮೆಲ್ಲಗೆ, "ಇನ್ನು ಮೇಲೆ ನನ್ನ ಹೆಸರಲ್ಲಿ ಏನೂ ಹೇಳಬೇಡಿ," ಎಂದಳು.

ಬೇಡದ ಬೀದಿಗಳಲ್ಲೆಲ್ಲ ಸುತ್ತಿ ಮಾಸ್ತರ ಮನೆ ಸೇರಿದ. ಇಷ್ಟು ದಿನ ಅವಳದೆಂದು ಹೇಳಿದ ಮಾತುಗಳಲ್ಲಿ ಅವಳದು ಯಾವುದಾದರೂ ಇತ್ತೇ ಎಂದು ನೆನೆದು ನೋಡಿದ. ಒಂದೂ ಖಾತರಿಯಾಗಲಿಲ್ಲ. ಮನೆ ಬಿಟ್ಟು ಹೋದವಳು ಈಗ ಎರಡನೆಯ ಸಲ ಹೋದಂತಾಯಿತು. ಈ ಸಲ ಅವನ ತಲೆಯೊಳಗಿಂದಲೇ ಹೋಗಿದ್ದಳು.

ಆ ಭಾನುವಾರ ಅವನು ಸಿನಿಮಾಕ್ಕೆ ಹೋಗಲಿಲ್ಲ. ಮರುದಿನ ಊಟದ ಹೊತ್ತಿಗೆ ಲಂಬು ತಟ್ಟೆಯನ್ನು ಮುಂದೆ ಎಳೆದುಕೊಂಡು ಎಂದಿನ ಪ್ರಶ್ನೆ ಕೇಳಿದ.

"ಅವಳು ಮನೇಲಿಲ್ಲ," ಎಂದ ಮಾಸ್ತರ. "ಬಿಟ್ಟು ಹೋಗಿ ಬಹಳ ದಿನ ಆಯ್ತು. ಹೇಳಿದ್ದೆಲ್ಲ ನಾನೇ ಕಟ್ಟಿದ್ದು."

ಲಂಬುವಿನ ಮುಖದ ನಗು ಹೋಗಬೇಕೋ ಇರಬೇಕೋ ತಿಳಿಯದೆ ಹಾಗೇ ಉಳಿಯಿತು. ಹೊಲಿಗೆಯಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು.

"ಅಯ್ಯೋ, ನಾನು ಅವರ ಮುಂದೆ ಕೂತು ಏನೆಲ್ಲ ಹೇಳಿಬಿಟ್ಟೆ," ಎಂದಳು. ಮತ್ತೆ ಸ್ವಲ್ಪ ತಡೆದು, "ನಮ್ಮ ಹತ್ರ ಹೇಳಬಾರದಿತ್ತಾ ಮಾಸ್ತರೇ?" ಎಂದಳು.

ಪರವಾಗಿಲ್ಲ ಎಂಬ ಮಾತು ಅವನ ಗಂಟಲವರೆಗೆ ಬಂದಿತ್ತು. ಅದನ್ನು ನುಂಗಿದ. ಬೇರೆ ಮಾತಿಗಾಗಿ ತಡಕಾಡಿದ. ಹೊಲಿಗೆಯಕ್ಕ ಕಾದಳು.

"ಕಷ್ಟ ಆಗ್ತಿದೆ ಅಕ್ಕ," ಎಂದ ಕೊನೆಗೆ.

ಅಂದು ಊಟ ಮುಗಿದರೂ ಯಾರೂ ಎದ್ದು ಹೋಗಲಿಲ್ಲ.